ಕದಿರಮ್ಮ ತಂದುಕೊಟ್ಟ ಸೀರೆ

ಹಿಂದೂಪುರ
ಭಾನುವಾರ, ೧೧ ಫೆಬ್ರವರಿ ೨೦೨೪

ಪ್ರೀತಿಯ ಮಗಳು ಶಿರೀಷಾಳಿಗೆ,

ಹೇಗಿದ್ದೀಯಮ್ಮ? ನೈಟ್ ಡ್ಯೂಟಿ ಮುಗಿಯಿತೇ? ಬಳ್ಳಾರಿಯ ಹಾಸ್ಟೆಲ್ ಊಟ ಸೇರದಿದ್ದರೆ ಹೇಳು, ಚಟ್ನಿಪುಡಿ ಕಳಿಸುತ್ತೇನೆ. ದೇವರ ದಯದಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿನೋವು ಮಾತ್ರ ಹಾಗೇ ಇದೆ. ದಿನವೂ ಫೋನಿನಲ್ಲಿ ಮಾತಾಡುವವಳು ಪತ್ರ ಯಾಕೆ ಬರೆದಳು ಎಂದುಕೊಳ್ಳುತ್ತೀಯ. ಈ ಮಾತು ಹೇಳಲು ಫೋನಿನಲ್ಲಿ ಬಾಯಿ ಬರಲಿಲ್ಲ.

ಹೋದ ತಿಂಗಳು ನಾನೂ ಅಜ್ಜಿಯೂ ನಿನಗೆ ಗಂಡು ನೋಡಲು ಕಲ್ಯಾಣದುರ್ಗಕ್ಕೆ ಹೋಗಿದ್ದೆವಲ್ಲ. ಹುಡುಗನ ಹೆಸರು ತಿರುಮಲೇಶ್, ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾನೆ. ತಾಯಿ ಕದಿರಮ್ಮ ನಮ್ಮ ಹಾಗೇ ಚರ್ಚಿನ ಸಭೆಗೆ ಹೋಗುವವರು. ಅವನು ಒಳಗೆ ಬಂದು ಕೈಮುಗಿದಾಗ ನಾನು ತಿರುಗಿ ಕೈಮುಗಿಯುವುದನ್ನೇ ಮರೆತೆ. ಚಿಕ್ಕವನಿದ್ದಾಗ ಸ್ಟವ್ ಸಿಡಿದು ಎಡಗೆನ್ನೆ, ಕಿವಿ, ಕುತ್ತಿಗೆ ಎಲ್ಲ ಸುಟ್ಟು ಮುದುಡಿಕೊಂಡಿವೆ. ಆಮೇಲೆ ನಾನು ಅವನ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಅಷ್ಟರಲ್ಲಿ ಅಜ್ಜಿಗೆ ತಡೆಯಲಾಗದೆ ಕೂತಲ್ಲೇ ಸೀರೆ ಒದ್ದೆಯಾಯಿತು. ಈಚೆಗೆ ಅವರಿಗೆ ಹಾಗಾಗುತ್ತದೆ, ನಿನಗೆ ಗೊತ್ತಲ್ಲ. ನಾನು ಹಲ್ಲುಕಚ್ಚಿಕೊಂಡು, “ಮಾನ ತೆಗೆದ್ಬುಟ್ರಲ್ಲ ಅತ್ತೆ” ಎಂದೆ. ಅಜ್ಜಿ ತಲೆ ತಗ್ಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಿರುಮಲೇಶ್ ಅದನ್ನು ಕಂಡ. ನೀರು ಕೊಡುವವನಂತೆ ಚೊಂಬು ಹಿಡಿದು ಬಗ್ಗಿದವನು ಅಷ್ಟೂ ನೀರನ್ನು ಅವರ ಮಡಿಲಿಗೆ ಸುರಿದುಬಿಟ್ಟ. “ಅಯ್ಯೋ, ನೀರು ಚೆಲ್ಬುಟ್ಟೆ ಕಣಜ್ಜಿ, ತಪ್ಪಾಯ್ತು! ಅಮ್ಮಾ, ಅಜ್ಜಿಗೆ ನಿನ್ ಸೀರೆ ಒಂದು ಕೊಡು” ಎಂದು ಕೂಗಿದ. ಅಲ್ಲಿದ್ದ ನೆಂಟರೆಲ್ಲ ಅವನನ್ನೇ ಬೈದರು. ನಗುತ್ತ ಬೈಸಿಕೊಂಡ. ಕದಿರಮ್ಮನ ಸೀರೆಯುಟ್ಟು ಹೊರಬಂದ ಅಜ್ಜಿ ತಲೆಯೆತ್ತಿಕೊಂಡೇ ಬಂದರು.

ಇದನ್ನೆಲ್ಲ ಕಣ್ಣಾರೆ ನೋಡಿಯೂ, ವಾಪಸು ಬರುವಾಗ ಬಸ್ಸು ಸೋಮಂದೇಪಲ್ಲಿ ದಾಟುವಷ್ಟರಲ್ಲಿ ನಾನು ಬೇಡವೆಂದು ತೀರ್ಮಾನಿಸಿದ್ದೆ. ಮದುವೆಯ ದಿನ ನಿನ್ನ ಪಕ್ಕದಲ್ಲಿ ಆ ಮುಖ ನೋಡಿ ಸಭೆಯವರು ಏನೆಂದುಕೊಂಡಾರು ಎಂಬುದೊಂದೇ ಚಿಂತೆ. ಮಾರನೆಯ ದಿನ ಕದಿರಮ್ಮನಿಗೆ ಫೋನ್ ಮಾಡಿ, “ನಮ್ಮುಡುಗಿ ಒಪ್ತಿಲ್ಲ” ಎಂದೆ. ನಿನಗೆ ಅವನ ಫೋಟೋ ಕೂಡ ತೋರಿಸಿರಲಿಲ್ಲ. ಆ ಭಾನುವಾರವೇ ಸಂಡೇ ಸ್ಕೂಲಿನ ಮಕ್ಕಳಿಗೆ, ಮನುಷ್ಯರು ಮುಖ ನೋಡುತ್ತಾರೆ, ದೇವರು ಹೃದಯ ನೋಡುತ್ತಾನೆ ಎಂದು ಪಾಠ ಹೇಳಿದೆ. ನಾಲಿಗೆ ತಡವರಿಸಲೂ ಇಲ್ಲ.

ಮೊನ್ನೆ ಕದಿರಮ್ಮ ಬಂದರು. ಇಲ್ಲಿ ಸಭೆಯ ಹೆಂಗಸರ ಕೂಟವಿತ್ತು. ಅಜ್ಜಿ ಅಲ್ಲಿ ಬಿಟ್ಟುಬಂದಿದ್ದ ಸೀರೆಯನ್ನು ಒಗೆದು, ಇಸ್ತ್ರಿ ಮಾಡಿ ತಂದಿದ್ದರು. “ಒಪ್ಲಿಲ್ಲಾಂದ್ರೆ ಬಲವಂತ ಯಾಕಮ್ಮ, ಪರವಾಲೇದು. ಆಯಮ್ಮಂಗೆ ಒಳ್ಳೇ ಗಂಡು ಸಿಗ್ಲಿ ಅಂತ ನಮ್ಮುಡುಗ್ನೇ ಪ್ರಾರ್ಥನೆ ಮಾಡವ್ನೆ” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಹೊರಗೆ ಬಂದು, ಶಿರೀಷಾಳನ್ನು ನಾನು ಕೇಳಿಯೇ ಇಲ್ಲ ಎಂದು ಅಜ್ಜಿಯ ಎದುರಿಗೇ ಒಪ್ಪಿಕೊಂಡೆ. ಕದಿರಮ್ಮ, “ನಂಗೆ ಹೇಳಿದ್ದಾಯ್ತು. ಆಯಮ್ಮಂಗೂ ಹೇಳ್ಬುಡಿ” ಎಂದು ಎದ್ದು ಹೋದರು. ಕಾಫಿ ಮುಟ್ಟಲಿಲ್ಲ.

ಅವತ್ತಿನಿಂದ ಅಜ್ಜಿ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ನಿನಗೆ ಮಾತ್ರ ಮುತ್ತು ಕಳಿಸಿದ್ದಾರೆ. ಯೇಸುಸ್ವಾಮಿ ನಿನ್ನನ್ನು ಕಾಯಲಿ, ನನ್ನನ್ನು ಕ್ಷಮಿಸಲಿ.

ನಿನ್ನ ಅಮ್ಮ,
ಇಂದ್ರಾಣಿ

ತಾ. ಕ.: ಇಷ್ಟು ಬರೆದರೂ ಬರೆಯಬೇಕಾದ್ದನ್ನು ಬರೆದಿಲ್ಲ. ಹುಡುಗನ ಕಡೆಯವರೇ ಬೇಡವೆಂದರು ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. “ನಾನು ಕಪ್ಪಗಿದೀನಿ ಅಂತಾನಾಮ್ಮ?” ಎಂದು ನೀನು ಕೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ಅಲ್ಲ ಮಗಳೇ. ನಿನ್ನ ಫೋಟೋ ನೋಡಿ ಆ ಮನೆಯಲ್ಲಿ ಯಾರೂ ಬಣ್ಣದ ಮಾತೆತ್ತಲಿಲ್ಲ. ತಿರುಮಲೇಶನ ಫೋಟೋ ಇದರ ಜೊತೆಗಿದೆ, ನಂಬರ್ ಅದರ ಹಿಂದಿದೆ. ಬೇಕೆನಿಸಿದರೂ ಬೇಡವೆನಿಸಿದರೂ ನೀನೇ ಹೇಳು. ನಿನ್ನ ಹೆಸರಿನಲ್ಲಿ ನಾನು ಇನ್ನು ಮಾತಾಡುವುದಿಲ್ಲ.