ಬಟ್ಟೆ ಸುತ್ತಿದ ಗಂಟೆ

ಅಕ್ಕಾ,

ಕೆಮ್ಮು ವಾಸಿಯಾಗಿದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಬೇಡ. ಅಕಿತಾ ಪ್ರಾಂತ್ಯದ ಈ ಬೆಟ್ಟದೂರಿನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ, ಸದ್ದಿಗೆ ಕರಡಿ ದೂರವಿರಲೆಂದು ಬೆಟ್ಟ ಹತ್ತುವವರಿಗೆ ಗಂಟೆ ಕೊಡುವುದು ನನ್ನ ಕೆಲಸ. ಬೆಳಿಗ್ಗೆ ಗಂಡನ ಜೊತೆ ಹೋದ ಅಜ್ಜಿಯೊಬ್ಬರು ಈಗ ಒಬ್ಬರೇ ಬಂದು ತಮ್ಮ ಗಂಟೆ ಕೊಟ್ಟರು. ಅದಕ್ಕೆ ಕರವಸ್ತ್ರ ಬಿಗಿದಿತ್ತು.

"ಬಸ್ಸಲ್ಲಿ ಸದ್ದಾದ್ರೆ ಜನಕ್ಕೆ ತೊಂದರೆ ಅಲ್ವೇನಮ್ಮಾ? ಇಬ್ಬರದ್ದಕ್ಕೂ ಸುತ್ತಿದ್ದೆ, ಬಿಚ್ಚೋದೇ ಮರೆತೆ. ದಾರಿಯುದ್ದಕ್ಕೂ ಒಂದು ಕರಿ ನಾಯಿ ಹಿಂದೇನೇ ಬರ್ತಿತ್ತು ನೋಡು."

ಈ ಬೆಟ್ಟದಲ್ಲಿ ನಾಯಿಗಳಿಲ್ಲ, ಅಕ್ಕಾ.

"ಯಜಮಾನರೆಲ್ಲಿ ಅಜ್ಜಿ?" ಎಂದೆ.

"ಫೋಟೋ ತೆಗೀತಾ ಹಿಂದೆ ಉಳಿದ್ರು."

ಬೇಟೆಗಾರರು ಹುಡುಕಲು ಹೋಗಿದ್ದಾರೆ. ಅಜ್ಜಿ ಗಂಡನ ಗಂಟೆಯ ಸದ್ದಿಗಾಗಿ ಬಾಗಿಲಲ್ಲೇ ಕಿವಿಗೊಟ್ಟು ನಿಂತಿದ್ದಾರೆ. ಅದಕ್ಕೂ ಬಟ್ಟೆ ಸುತ್ತಿದೆಯಲ್ಲ ಎಂದು ನೆನಪಿಸಲು ನನಗೆ ಬಾಯಿ ಬರುತ್ತಿಲ್ಲ.

ನಿನ್ನ ಮಿನೆಕೊ