ಪ್ರೀತಿಗೊಬ್ಬ, ಅಂಜಿಕೆಗೊಬ್ಬಳು

ಕಲ್ಲೇರಿ ಪಟ್ಟಣ,
ಹೊಳೆ ಬತ್ತಿದ ಇನ್ನೂರನೆಯ ವರ್ಷ, ಹದಿಮೂರನೆಯ ತಿಂಗಳು, ಎರಡನೆಯ ಹುಣ್ಣಿಮೆಯ ಮಾರನೆಯ ದಿನ.

ನಮಗಿಂತ ಹಿಂದಿನವರಿಗೆ ದುರುಗವ್ವ ಎಂಬ ನನ್ನ ಶರಣು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗಲಾರದು. ನನ್ನ ಕನ್ನಡವೂ ಅಲ್ಲಲ್ಲಿ ಕಲ್ಲು ಸಿಕ್ಕ ಅನ್ನದಂತೆ ಕಟಕಟ ಅನ್ನಬಹುದು, ಕ್ಷಮಿಸಿ. ನಿಮ್ಮ ಕಾಲದ ಹರಕು ಪುಸ್ತಕಗಳನ್ನು ಓದಿ, ನಿಮ್ಮಂತೆ ಬರೆಯಲು ಕಲಿತವಳು ನಾನು. ಇದನ್ನು ಹಿನ್ನಡೆ ಅಂಚೆಗೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿಗೆ ಹಾಕುತ್ತಿದ್ದೇನೆ. ಮುಟ್ಟಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ನಾಳೆ ನನ್ನನ್ನು ಊರಾಚೆ ಹಾಕುತ್ತಾರೆ, ಹಾಗಾಗಿ ಉತ್ತರಕ್ಕೆ ಕಾಯುವ ಆತುರವೂ ನನಗಿಲ್ಲ.

ನಾವು ಬಂಡೆ ಕೊರೆದ ಮನೆಗಳಲ್ಲಿ ಇರುತ್ತೇವೆ. ಬಿಸಿಲು ಏರುವ ಮುನ್ನ ಗಂಟೆ ಬಾರಿಸುತ್ತಾರೆ. ಆಮೇಲೆ ಹೊರಗೆ ಸಿಕ್ಕವರು ಬದುಕುವುದಿಲ್ಲ. ಜೋಳವನ್ನು ನೆರಳುಹೊಲದಲ್ಲಿ, ಅಂದರೆ ಚಪ್ಪರ ಹೊದಿಸಿದ ಹೊಲದಲ್ಲಿ ಬೆಳೆಯುತ್ತೇವೆ. ಕುಡಿಯಲು ಇರುವುದು ಬಂಡೆಯ ಹೊಟ್ಟೆಯೊಳಗಿನ ತಾಯಿಕೆರೆ ಒಂದೇ. ಅಲ್ಲಿಂದ ಓಣಿಗೊಂದು ತೂಬು. ಗಡಿಗೆ ಹಿಡಿದು ಸಾಲಿನಲ್ಲಿ ನಿಂತು ಬೈದಾಡುವುದೇ ನಮ್ಮ ಬೆಳಗು. ನೀರು ಚೆಲ್ಲಿದ ಮಗುವಿಗೆ ಏಟು ತಪ್ಪಿದ್ದಲ್ಲ. ಮನೆಯೊಳಗೇ ತಿರುಗಿಸಿದರೆ ನೀರು ಬರುತ್ತಿದ್ದ ನಿಮ್ಮ ನಲ್ಲಿಯ ಕಥೆ ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಆಳುವವನನ್ನು ಜನ ಪ್ರೀತಿಸಬೇಕೋ, ಅವನಿಗೆ ಅಂಜಬೇಕೋ ಎಂದು ನಿಮಗಿಂತಲೂ ಹಿಂದೆ ಕಡಲಾಚೆಯ ಪಂಡಿತರು ತಲೆ ಕೆಡಿಸಿಕೊಂಡಿದ್ದರಂತೆ. ಕಲ್ಲೇರಿ ಆ ಜಗಳವನ್ನು ಎಂದೋ ಬಗೆಹರಿಸಿಬಿಟ್ಟಿದೆ. ಪ್ರೀತಿಗೊಬ್ಬ, ಅಂಜಿಕೆಗೊಬ್ಬ. ಆಳುವವನು ಹೂಗೈ. ಹಬ್ಬಕ್ಕೆ ಹೆಚ್ಚು ನೀರು ಬಿಡುವವನು, ಕೂಸಿಗೆ ಹೆಸರಿಡುವವನು, ಸತ್ತ ಮನೆಯಲ್ಲಿ ಕೂತು ಅಳುವವನು. ಈಗಿನ ಹೂಗೈ ಪಂಪಣ್ಣ ನಿಜವಾಗಿಯೂ ಅಳುತ್ತಾನೆ, ಅದನ್ನು ನಾನು ಸುಳ್ಳು ಅನ್ನಲಾರೆ. ಅವನ ಪಕ್ಕದಲ್ಲಿ ಮುಳ್ಳುಗೈ ಇರುತ್ತದೆ. ತೂಬು ಮುಚ್ಚುವುದು, ಛಡಿ ಏಟು ಕೊಡಿಸುವುದು, ಕಳ್ಳರನ್ನು ಹೊರಗಟ್ಟುವುದು ಅದರ ಕೆಲಸ. ಆ ಮುಳ್ಳುಗೈ ನಾನು. ಎರಡೂ ಬಗೆಯ ಅಪ್ಪಣೆ ಹುಟ್ಟುವುದು ಒಂದೇ ಕೋಣೆಯಲ್ಲಿ, ಪಂಪಣ್ಣನ ಬಾಯಿಂದಲೇ, ಬೆಳಗಿನ ಮಜ್ಜಿಗೆ ಕುಡಿಯುತ್ತಾ.

ಜನರ ಸಿಟ್ಟು ಮಿತಿಮೀರಿದಾಗ ಹೂಗೈ ತನ್ನ ಮುಳ್ಳುಗೈಯನ್ನು ಊರ ಅಗಸೆಬಾಗಿಲಿಗೆ ಎಳೆತರುತ್ತಾನೆ. ಎಲ್ಲರೆದುರು ತೋಳಿನ ಮುಳ್ಳುಕಡಗ ಬಿಚ್ಚಿಸುತ್ತಾನೆ. ಹೊರಬೀಳುವವರು ಒಂದೇ ಮಾತು ಆಡಬಹುದು. "ತಪ್ಪು ನನ್ನದೇ" ಎಂದರೆ ಒಂದು ತತ್ರಾಣಿ ನೀರು ಕೊಟ್ಟು ಕಳಿಸುತ್ತಾರೆ. ಬೇರೇನಾದರೂ ಅಂದರೆ ಬರಿಗೈ, ಬರಿ ಬಿಸಿಲು. ಜನ ಚಪ್ಪಾಳೆ ತಟ್ಟಿ ಹೂಗೈಯನ್ನು ಹೊತ್ತು ಮೆರೆಸುತ್ತಾರೆ. ಆಮೇಲೆ ಅದೇ ಕಡಗ ಇನ್ನೊಂದು ತೋಳಿಗೆ ಏರುತ್ತದೆ.

ಈ ಬೇಸಿಗೆ ತಾಯಿಕೆರೆಯ ತಳ ಕಂಡಿತು. ಕೆಳಗಿನ ಓಣಿಯ ತೂಬನ್ನು ನಾನು ಮುಚ್ಚಿಸಿದೆ. ಅಪ್ಪಣೆ ಪಂಪಣ್ಣನದು, ಆದರೆ ನಾನೂ ಒಪ್ಪಿದ್ದೆ. ಮುಚ್ಚದಿದ್ದರೆ ಊರಿಗೆ ಊರೇ ಸಾಯುತ್ತಿತ್ತು. ಅದಕ್ಕೆ ಪಶ್ಚಾತ್ತಾಪ ಪಡುವವಳಲ್ಲ ನಾನು. ಆ ಓಣಿಯಲ್ಲಿ ನೀರಿಲ್ಲದೆ ಸತ್ತವರ ಹೆಸರುಗಳು ಮಾತ್ರ ಬಾಯಿಪಾಠ ಆಗಿವೆ. ಈಗ ಕೆರೆಗೆ ನೀರು ಬಂದಿದೆ, ಸಿಟ್ಟು ಹಾಗೇ ಉಳಿದಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

"ತಪ್ಪು ನನ್ನದೇ" ಎಂಬ ಆ ಮಾತನ್ನು ಆಡಬಾರದೆಂದೇ ಇದ್ದೆ. ನೀರು ಹೋದರೆ ಹೋಗಲಿ, ಅಪ್ಪಣೆ ಯಾರದೆಂದು ಅಗಸೆಯಲ್ಲಿ ಕೂಗಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮುಂದಿನ ಮುಳ್ಳುಗೈ ಯಾರೆಂದು ಡಂಗುರ ಸಾರಿದರು. ನನ್ನ ಮಗಳು ಹುಲಿಗಿ.

ಓಡಿ ಅವಳ ಮನೆಗೆ ಹೋದೆ. ಜೋಳ ಹಸನು ಮಾಡುತ್ತಾ ಕೂತಿದ್ದಳು. ಅಪ್ಪಣೆ ಯಾರದು, ಕಡಗ ತೊಟ್ಟವರ ಗತಿ ಏನು ಎಂದು ಬಿಡಿಸಿ ಹೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ. "ಗೊತ್ತೈತಿ ಬೇ ಅವ್ವಾ. ಊರಾಗ ಎಲ್ಲಾರಿಗೂ ಗೊತ್ತೈತಿ. ಯಾರನ್ನಾರ ಬೈಯಾಕ ಬೇಕಲ್ಲ ಮಂದಿಗೆ" ಎಂದಳು. ಹಾಗಾದರೆ ನೀನೇಕೆ ತೋಳೊಡ್ಡುತ್ತೀ ಎಂದೆ. "ನನ್ನ ಮ್ಯಾಲೆ ಪಂಪಣ್ಣಾರಿಗೆ ಭಾಳ ಜೀವ. ನನಗ ಹಂಗ ಮಾಡಂಗಿಲ್ಲ." ಕಡಗ ತೊಟ್ಟ ದಿನ ನಾನು ನನ್ನ ಗಂಡನಿಗೆ ಹೇಳಿದ್ದೂ ಇದನ್ನೇ. ನನಗೆ ಅಲ್ಲೇ ಅಳು ಬಂತು.

ವಾಪಸು ಬರುವ ದಾರಿಯಲ್ಲಿ ಪಂಪಣ್ಣನ ಲೆಕ್ಕಾಚಾರ ಹೊಳೆಯಿತು. ನಾನು ನಿಜ ಹೇಳಿದರೂ ಜನರ ಸಿಟ್ಟು ಅವನವರೆಗೆ ಏರುವುದಿಲ್ಲ. ತಾವೇ ಹೆಗಲ ಮೇಲೆ ಹೊತ್ತವನನ್ನು ಜನ ಹೊಡೆಯುವುದಿಲ್ಲ. ಕೈಗೆ ಸಿಕ್ಕವರನ್ನು ಹೊಡೆಯುತ್ತಾರೆ. ಆಗ ಕಡಗ ತೊಟ್ಟು ನಿಂತಿರುವವಳು ಹುಲಿಗಿ. ಅವನು ನನ್ನನ್ನು ಹೆದರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ತಾಯಿ ಏನು ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು, ಅಷ್ಟೇ. ನಾಳೆ ನಾನು "ತಪ್ಪು ನನ್ನದೇ" ಅನ್ನುತ್ತೇನೆ. ಊರು ನಂಬಿದಂತೆ ನಟಿಸುತ್ತದೆ.

ಹಿಂದಿನವರೇ, ಈ ಪದ್ಧತಿ ಆಕಾಶದಿಂದ ಉದುರಿದ್ದಲ್ಲ, ನಿಮ್ಮ ಮೊಮ್ಮಕ್ಕಳೋ ಮರಿಮಕ್ಕಳೋ ಕಟ್ಟಿದ್ದು. ನಿಮ್ಮಲ್ಲೂ ಯಾವಾಗಲೂ ನಗುವ ಒಬ್ಬ ನಾಯಕ, ಅವನ ಪಕ್ಕ ಎಲ್ಲರೂ ಶಪಿಸುವ ಇನ್ನೊಬ್ಬ ಇರಬಹುದು. ಒಂದು ದಿನ ಆ ಇನ್ನೊಬ್ಬನನ್ನು ಹೊರಗೆ ತಳ್ಳಿದಾಗ ನಿಮಗೆ ಸಿಹಿ ಹಂಚುವ ಮನಸ್ಸಾದೀತು. ದಯವಿಟ್ಟು ಅವತ್ತು ಚಪ್ಪಾಳೆ ತಟ್ಟಬೇಡಿ. ಅವನನ್ನು ಕ್ಷಮಿಸಿ ಅನ್ನುತ್ತಿಲ್ಲ, ನನ್ನನ್ನೂ ಕ್ಷಮಿಸಬೇಕಿಲ್ಲ. ಅಪ್ಪಣೆ ಯಾರ ಬಾಯಿಂದ ಬಂತೆಂದು ಕೇಳಿ, ಉತ್ತರ ಬರುವವರೆಗೆ ಕೈ ಕಟ್ಟಿ ನಿಂತಿರಿ.

ಹುಲಿಗಿಗೆ ಒಂದು ಹೆಣ್ಣುಕೂಸಿದೆ, ಇನ್ನೂ ತೊದಲು ಮಾತು. ಇವತ್ತು ನಾನು ಅಲ್ಲಿಂದ ಹೊರಡುವಾಗ ಪಂಪಣ್ಣ ಆ ಮನೆಗೆ ಬಂದ. ಆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಕ್ಕರೆಯಿಂದ ಬೆಲ್ಲ ತಿನ್ನಿಸುತ್ತಿದ್ದ.