ಬಚ್ಚಲಮನೆಯಲ್ಲಿ ಕೋಳಿಮರಿಗಳು

ಮಾರ್ಚ್ ೪
ಎದ್ದೆ. ಸ್ನಾನ, ಕಾಫಿ. ಅತ್ತೆಯ ಕೋಣೆಗೆ ತಿಂಡಿ ತಟ್ಟೆ. ಆಮೇಲೆ ಕನ್ನಡಕದಂಗಡಿ — ಸಂಜೆವರೆಗೆ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸಿದೆ. ನಡುವೆ ಕೋಳಿಮರಿ ಮಾರುವವನ ಫೋನ್.
"ಸಾರ್ ಆರು ಮರಿ ಬುಕ್ ಮಾಡಿದ್ರಲ್ಲ ಮೇಡಂ, ಯಾವಾಗ ಬರ್ತಾರೆ?"
ನನ್ನ ಗಂಡ ತೀರಿಕೊಂಡು ತಿಂಗಳಾಯಿತು ಎನ್ನಬೇಕಿತ್ತು. "ನಾನೇ ಬರ್ತೀನಿ" ಅಂದೆ. ಯಾಕೋ.

ಮಾರ್ಚ್ ೫
ಆರೂ ಮರಿ ತಂದೆ. ರಟ್ಟಿನ ಪೆಟ್ಟಿಗೆ, ಕೆಳಗೆ ಮರದ ಹೊಟ್ಟು, ಮೇಲೆ ಬಲ್ಬು. ಗಾಳಿ ನುಗ್ಗದ ಜಾಗ ಬಚ್ಚಲಮನೆ ಒಂದೇ. ಒಂದೊಂದರ ಕೊಕ್ಕನ್ನೂ ನೀರಿಗೆ ಮುಟ್ಟಿಸಿದೆ — ಹಾಗೆ ಮಾಡಿದರೆ ಕುಡಿಯಲು ಕಲಿಯುತ್ತವಂತೆ. ಅಂಗೈಯಲ್ಲಿ ಪುಟ್ಟ ಎದೆ ಢವಢವ. ಮುದ್ದಾಗಿವೆ ಎಂದು ಗೊತ್ತು. ಅಷ್ಟೆ. ಏನೂ ಅನಿಸಲಿಲ್ಲ.

ಮಾರ್ಚ್ ೬
ಬೆಳಿಗ್ಗೆ ಅತ್ತೆ ಬಚ್ಚಲಮನೆ ಬಾಗಿಲಲ್ಲಿ. ಮಗ ಹೋದಮೇಲೆ ಬರೀ ಹೂಂ, ಉಹೂಂ. ಇವತ್ತು ಬಾಯಿ ಬಿಟ್ಟರು.
"ಏನೇ ಇದು? ಮನೇಲಿ ಜನ ಸ್ನಾನ ಮಾಡೋದು ಬೇಡ್ವಾ?"
"ಅವರೇ ಬುಕ್ ಮಾಡಿದ್ದು ಅತ್ತೆ."
ಸ್ಟೂಲ್ ಎಳೆದುಕೊಂಡು ಪೆಟ್ಟಿಗೆ ಮುಂದೆ ಕೂತರು. ನಾನು ಅಂಗಡಿಗೆ ಹೋಗಿ ಬಂದಾಗಲೂ ಅಲ್ಲೇ ಇದ್ದರು.

ಮಾರ್ಚ್ ೧೦
ನಾದಿನಿಯ ಫೋನ್.
"ಭಾನುವಾರ ಬಂದು ಅಮ್ಮನ್ನ ನಮ್ಮನೆಗೆ ಕರ್ಕೊಂಡ್ ಹೋಗ್ತೀನಿ ಅತ್ತಿಗೆ. ನಿಮಗೂ ಎಷ್ಟು ದಿನ ಅಂತ..."
"ಹೂಂ" ಅಂದೆ. ಅತ್ತೆಗೆ ಹೇಳಿದೆ. ಅವರೂ "ಹೂಂ" ಅಂದರು. ಇಬ್ಬರ ಕಣ್ಣೂ ಮರಿಗಳ ಮೇಲೆ.

ಮಾರ್ಚ್ ೧೩
ಎಲ್ಲಕ್ಕಿಂತ ಸಣ್ಣದು ಮುದುಡಿ ಕೂತಿತ್ತು. ಹಿಕ್ಕೆ ಅಂಟಿ, ಒಣಗಿ, ಹಿಂದಿನ ದ್ವಾರ ಮುಚ್ಚಿಹೋಗಿತ್ತು. ಅತ್ತೆ ಹಿಡಿದುಕೊಂಡರು. ನಾನು ಬಿಸಿನೀರಲ್ಲಿ ಹತ್ತಿ ಅದ್ದಿ ಮೆಲ್ಲಗೆ ಬಿಡಿಸಿದೆ. ಸಂಜೆಗೆ ಸತ್ತೇ ಹೋಯಿತು.
ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಮಗ ಹೋದ ದಿನ ಅತ್ತಿರಲಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದೆ.
"ನಿಂಗೆ ಅಳು ಬರಲ್ವೇನೇ?"
"ಬರ್ತಿಲ್ಲ ಅತ್ತೆ."
"ಬಿಡು. ಬರೋವಾಗ ಬರ್ಲಿ."

ಮಾರ್ಚ್ ೧೬, ಭಾನುವಾರ
ನಾದಿನಿ ಕಾರು ತಂದಳು. ಬ್ಯಾಗು ಬಾಗಿಲ ಬಳಿ. ಅತ್ತೆ ಚಪ್ಪಲಿ ಮೆಟ್ಟಿ ನನ್ನ ಮುಖ ನೋಡಿದರು.
"ನೀವು ಹೋದ್ರೆ ಹಗಲೊತ್ತು ಇವನ್ನ ಯಾರು ನೋಡ್ಕೋತಾರೆ?"
"ಕೋಳಿಮರಿಗೋಸ್ಕರ ಇರ್ಬೇಕಾ ನಾನು?"
"ನಂಗೋಸ್ಕರ. ಹೋಗ್ಬೇಡಿ."
"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?" ಚಪ್ಪಲಿ ಬಿಟ್ಟರು.
ನಾದಿನಿ ಮುಖ ಊದಿಸಿಕೊಂಡೇ ಕಾಫಿ ಕುಡಿದಳು. ಒಬ್ಬಳೇ ಹೋದಳು. ನನಗೆ ಸಂತೋಷವಾಯಿತೇ? ಗೊತ್ತಿಲ್ಲ. ರಾತ್ರಿ ಎರಡು ತಟ್ಟೆ ಇಟ್ಟೆ, ಒಂದೇ ಮೇಜಿನ ಮೇಲೆ.

ಮಾರ್ಚ್ ೨೫
ರೆಕ್ಕೆಗೆ ಗರಿ ಬಂದಿವೆ. ಪೆಟ್ಟಿಗೆ ಸಾಲುತ್ತಿಲ್ಲ. ಈಗಷ್ಟೇ ಒಂದು ಹಾರಿ ಬಕೆಟ್ಟಿಗೆ ಬಿತ್ತು. ಅತ್ತೆ ಬಚ್ಚಲಮನೆಯಿಂದ ಕೂಗಿದರು — ಬೇಗ ಟವೆಲ್ ತಾ ಅಂತ. ಕರೆದದ್ದು ಮಗನ ಹೆಸರು ಹಿಡಿದು.
ಆಮೇಲೆ ಮರಿಗಳ ಕಿಚಿಪಿಚಿ ಮಾತ್ರ.
"ಬಂದೆ" ಅಂದೆ.
ಒಣಗಿದ ಟವೆಲ್ ನನ್ನ ಗಂಡನದೊಂದೇ ಇತ್ತು. ಅದನ್ನೇ ಎತ್ತಿಕೊಂಡೆ.